ಅಳಿಯ ಅಲ್ಲ, ನಾಟಕಕಾರ!

ಶೇಕ್ಸ್‌ಪಿಯರ್ ನಾಟಕಗಳನ್ನು ಶೇಕ್ಸ್‌ಪಿಯರ್ ಬರೆದೇ ಇಲ್ಲ ಎನ್ನುವ ಪಂಗಡಕ್ಕೆ ಈ ವಾರ ನಾನೂ ಸೇರಿದೆ. ಪ್ರವೇಶ ಶುಲ್ಕ ಇಲ್ಲ. ನಾಟಕ ಓದಿರಬೇಕೆಂಬ ನಿಯಮವೂ ಇಲ್ಲ. ಶೇಕ್ಸ್‌ಪಿಯರನ ಮನೆಯವರ ಸಹಿ ನೋಡಲು ಬಂದರೆ ಸಾಕು.

ವಾದ ಬಲು ಸರಳ. ಸ್ಟ್ರಾಟ್‌ಫರ್ಡ್ ಎಂಬ ಊರು. ಅಪ್ಪ ಜಾನ್ ಕೈಗವಸು ಮಾಡುವವನು. ಪತ್ರಗಳಿಗೆ ಹೆಸರು ಬರೆಯುವ ಜಾಗದಲ್ಲಿ ತನ್ನ ಕಸುಬಿನ ಕೈವಾರದ ಚಿತ್ರ ಬಿಡಿಸುತ್ತಿದ್ದ. ಅಮ್ಮ ಮೇರಿಯದೂ ಗುರುತೇ. ಹೆಂಡತಿ ಆ್ಯನ್ ಕೈಯಿಂದ ಬಂದ ಒಂದಕ್ಷರವೂ ಸಿಕ್ಕಿಲ್ಲ. ಕಿರಿಮಗಳು ಜುಡಿತ್ 1611ರಲ್ಲಿ ಒಂದು ಮನೆ ಮಾರಾಟದ ಪತ್ರಕ್ಕೆ ಸಾಕ್ಷಿ ಹಾಕಿದಳು, ಹುಳ ಹರಿದಂಥ ಒಂದು ಗೀಚು. ಹೀಗೆ ಹಿಂದೆ ಮುಂದೆ ಎಲ್ಲ ಹೆಬ್ಬೆಟ್ಟಿನ ವಂಶ, ನಡುವೆ ಇವನೊಬ್ಬ ‘ಹ್ಯಾಮ್ಲೆಟ್’ ಬರೆದನಂತೆ! ಅವನದೇ ಎಂದು ಒಪ್ಪಿರುವ ಸಹಿಗಳು ಆರು. 1612ರದು ಒಂದು, 1613ರವು ಎರಡು, 1616ರ ಉಯಿಲಿನಲ್ಲಿ ಮೂರು. ಕಾಗುಣಿತ ಒಂದರಲ್ಲಿದ್ದಂತೆ ಇನ್ನೊಂದರಲ್ಲಿಲ್ಲ, ನಾವು ಇವತ್ತು ಬರೆಯುವ ಹಾಗಂತೂ ಒಂದರಲ್ಲೂ ಇಲ್ಲ. ನಮ್ಮೂರ ಬ್ಯಾಂಕಾಗಿದ್ದರೆ ಆರೂ ಚೆಕ್ಕು ವಾಪಸ್ಸು.

ಕೆಲವು ಕಿರಿಕಿರಿಗಳಿವೆ, ನಿಜ. ಹೆಸರು ಬರೆಯದ ಈ ಜಾನ್ 1568ರಲ್ಲಿ ಊರಿನ ಬೇಲಿಫ್, ಅಂದರೆ ಮೇಯರ್ ಇದ್ದಂತೆ. ಅದಕ್ಕೂ ಮೊದಲು ಊರಿನ ಲೆಕ್ಕಪತ್ರ ಅವನ ಕೈಯಲ್ಲಿತ್ತು. ಅವನ ಜೊತೆಗಾರ ಏಡ್ರಿಯನ್ ಕ್ವೈನಿ ದಾಖಲೆಗಳಿಗೆ ಗುರುತು ಹಾಕುತ್ತಿದ್ದವನೇ, ಆದರೆ ಅವನು ಸ್ವಂತ ಕೈಯಿಂದ ಬರೆದ ಕಾಗದಗಳು ಉಳಿದಿವೆ. ಆ ಕಾಲದಲ್ಲಿ ಮೊದಲು ಓದಲು ಕಲಿಸುತ್ತಿದ್ದರು, ಬರೆಯುವುದು ಆಮೇಲಿನ ಬೇರೆಯೇ ವಿದ್ಯೆ. ನಡುವೆ ಶಾಲೆ ಬಿಟ್ಟವರಿಗೆ ಓದು ಬರುತ್ತಿತ್ತು, ಬರಹ ಬರುತ್ತಿರಲಿಲ್ಲ. ಇಂಥವನ್ನೆಲ್ಲ ನಮ್ಮ ಪಂಗಡದ ಸಭೆಯಲ್ಲಿ ಎತ್ತುವ ಹಾಗಿಲ್ಲ. ಅದೇ ಕಾಲದ ನಾಟಕಕಾರರಲ್ಲಿ ಚಪ್ಪಲಿ ಹೊಲಿಯುವವನ ಮಗ ಮಾರ್ಲೋ ಹೇಗೆ ಬರೆದ, ಗಾರೆ ಕೆಲಸದ ಮಲತಂದೆಯ ಮನೆಯಲ್ಲಿ ಬೆಳೆದ ಬೆನ್ ಜಾನ್ಸನ್ ಹೇಗೆ ಬರೆದ ಎಂದು ಕೇಳಿದವರಿಗೆ ಆ ದಿನ ಕಾಫಿ ಸಿಗುವುದಿಲ್ಲ.

ಹಿರಿಮಗಳು ಸುಸಾನಾ ಮಾತ್ರ ನೆಟ್ಟಗೆ ಸಹಿ ಹಾಕಿ ನಮಗೆ ಕೈಕೊಟ್ಟಿದ್ದಾಳೆ. ಅವಳಿಗೂ ಒಂದು ಮದ್ದಿದೆ. ಗಂಡ ಜಾನ್ ಹಾಲ್ ವೈದ್ಯ, 1635ರಲ್ಲಿ ತೀರಿಕೊಂಡ. ಕೆಲವು ವರ್ಷ ಕಳೆದು ಜೇಮ್ಸ್ ಕುಕ್ ಎಂಬ ಇನ್ನೊಬ್ಬ ವೈದ್ಯ ಅವನ ಹಸ್ತಪ್ರತಿ ಕೊಳ್ಳಲು ಬಂದ. ಇದು ನಿಮ್ಮ ಯಜಮಾನರದೇ ಅಕ್ಷರ ಎಂದರೆ ಅವಳು ಅಲ್ಲವೆಂದು ಪಟ್ಟು ಹಿಡಿದಳಂತೆ. ನೋಡಿದಿರಾ, ಗಂಡನ ಅಕ್ಷರವನ್ನೇ ಗುರುತಿಸದ ನಿರಕ್ಷರಿ! ಡಾಕ್ಟರ ಅಕ್ಷರ ಗುರುತಿಸಲಾರದವರೆಲ್ಲ ನಿರಕ್ಷರಿಗಳಾದರೆ, ನಮ್ಮ ಬೀದಿಯಲ್ಲಿ ಮೆಡಿಕಲ್ ಶಾಪಿನ ಹುಡುಗನೊಬ್ಬನೇ ವಿದ್ಯಾವಂತ.

ಸರಿ, ಇವನಲ್ಲ ಎಂದ ಮೇಲೆ ಬರೆದವನು ಯಾರು? ಹಿರಿಯರು ಇದಕ್ಕಾಗಿ ಬೆವರು ಸುರಿಸಿದ್ದಾರೆ. ಆ ಕಾಲದ ತತ್ವಜ್ಞಾನಿ ಫ್ರಾನ್ಸಿಸ್ ಬೇಕನ್ನನ ಕಡೆ ಒಲಿದ ಡೀಲಿಯಾ ಬೇಕನ್ (ನಂಟರಲ್ಲ, ಹೆಸರಷ್ಟೇ ಒಂದು) 1856ರಲ್ಲಿ ಕವಿಯ ಸಮಾಧಿ ತೆಗೆಸಬೇಕೆಂದು ಇಗರ್ಜಿಯೊಳಗೆ ಒಂದು ರಾತ್ರಿ ಕಾದಳು. ಡೆಟ್ರಾಯಿಟ್‌ನ ವೈದ್ಯ ಆರ್ವಿಲ್ ಓವನ್, ನಾಟಕಗಳೊಳಗೆ ಗುಪ್ತಲಿಪಿ ಇದೆಯೆಂದು ಚಕ್ರ ತಿರುಗಿಸಿ ತಿರುಗಿಸಿ ಓದಿ, ಬೇಕನ್ನನ ಹಸ್ತಪ್ರತಿಗಳಿಗಾಗಿ ವೈ ನದಿಯ ತಳವನ್ನೇ ತೋಡಿಸಿದ. ಕೆಸರು ಬಂತು. 1920ರಲ್ಲಿ ಲೂನಿ ಎಂಬ ಶಾಲಾ ಮೇಷ್ಟ್ರು ಆಕ್ಸ್‌ಫರ್ಡಿನ ಅರ್ಲ್ ಎಂಬ ಸರದಾರನನ್ನು ಪಟ್ಟಕ್ಕೇರಿಸಿದರು. ಅರ್ಲ್ ಸತ್ತದ್ದು 1604ರಲ್ಲಿ. ‘ದಿ ಟೆಂಪೆಸ್ಟ್’ ಬಂದದ್ದು 1611ರ ಸುಮಾರಿಗೆ. ಅನುಯಾಯಿಗಳು ಇದಕ್ಕೆಲ್ಲ ಜಗ್ಗುವವರಲ್ಲ. ದೊಡ್ಡ ಮನೆತನದವರು ಸತ್ತ ಮೇಲೂ ಬರೆಯುತ್ತಾರೆ.

ಇವರೆಲ್ಲ ಒಂದು ಕಡೆ ಎಡವಿದರು. ಪರೀಕ್ಷೆ ಸಹಿಯದು ಅಂದ ಮೇಲೆ ಆ ಕುಟುಂಬದಲ್ಲಿ ಅತಿ ಅಂದದ ಸಹಿ ಯಾರದು ಎಂದು ನೋಡಬೇಡವೇ? ನಾನು ನೋಡಿದೆ. ಅದು ಜುಡಿತಳ ಗಂಡ ಥಾಮಸ್ ಕ್ವೈನಿಯದು. ವೈನು, ತಂಬಾಕು ಮಾರುತ್ತಿದ್ದ. ಹಿಂದೆ ಜೈಲಾಗಿದ್ದ ಕಟ್ಟಡದಲ್ಲಿ ಅಂಗಡಿ. ಊರಿನ ಖಜಾಂಚಿಯಾಗಿ 1623ರ ಲೆಕ್ಕಕ್ಕೆ ಸಹಿ ಹಾಕುವಾಗ ಬಳ್ಳಿ ಬಳ್ಳಿಯಾಗಿ ಸುತ್ತಿ, ಜೊತೆಗೊಂದು ಫ್ರೆಂಚ್ ಪದ್ಯದ ಸಾಲನ್ನೂ ಬರೆದಿದ್ದಾನೆ. ಪರರ ಕೇಡು ನೋಡಿ ಪಾಠ ಕಲಿತವನೇ ಧನ್ಯ ಎಂಬರ್ಥದ ಸಾಲು. ತಪ್ಪುತಪ್ಪಾಗಿ ನಕಲು ಮಾಡಿದ್ದಾನೆ ಅನ್ನಿ, ಆದರೂ ಫ್ರೆಂಚು! ‘ಹ್ಯಾಮ್ಲೆಟ್’ ಬಂದಾಗ ಅವನಿಗೆ ಹನ್ನೊಂದೋ ಹನ್ನೆರಡೋ ವಯಸ್ಸು ಎಂದು ಮೂಗೆಳೆಯುವವರಿಗೆ ನನ್ನ ಉತ್ತರ ಸಿದ್ಧವಿದೆ: ಸತ್ತವನು ಏಳು ವರ್ಷ ಬಿಟ್ಟು ಬರೆಯಬಹುದಾದರೆ ಬದುಕಿದ್ದ ಹುಡುಗ ಏಕೆ ಬರೆಯಬಾರದು?

ಮಾವ ಇವನನ್ನು ತುಳಿದದ್ದಕ್ಕೆ ದಾಖಲೆಯೂ ಇದೆ. 1616ರ ಫೆಬ್ರವರಿಯಲ್ಲಿ ಮದುವೆ. ಮಾರ್ಚ್ ಮುಗಿಯುವುದರೊಳಗೆ ಇನ್ನೊಬ್ಬಾಕೆಯ ವಿಷಯದಲ್ಲಿ ಅಳಿಯ ಇಗರ್ಜಿಯ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು ಐದು ಶಿಲ್ಲಿಂಗ್ ದಂಡ ಕಟ್ಟಿದ. ಅದೇ ದಿನಗಳಲ್ಲಿ ಮಾವ ಉಯಿಲು ತಿದ್ದಿಸಿದ. ‘ನನ್ನ ಅಳಿಯ’ ಎಂದಿದ್ದ ಮಾತನ್ನು ಹೊಡೆದುಹಾಕಿ ಮೇಲೆ ‘ಮಗಳು ಜುಡಿತ್’ ಎಂದು ಸೇರಿಸಿದೆ. ಅಳಿಯ ಅಲ್ಲ, ಮಗಳ ಗಂಡ ಎಂಬ ಗಾದೆಗೆ ಇದಕ್ಕಿಂತ ಒಳ್ಳೆ ಕಾನೂನು ಪತ್ರ ನಾನು ಕಂಡಿಲ್ಲ.

ಇನ್ನು ಆ ಗೀಚಿನವಳು. ಊರಿನಲ್ಲಿ 1553ರ ಸನದಿನ ಶಾಲೆ ಇತ್ತು, ಬಿಟ್ಟಿ ಪಾಠ, ಲ್ಯಾಟಿನ್ ಸಮೇತ, ಗಂಡುಮಕ್ಕಳಿಗೆ. 1640ರ ದಶಕದಲ್ಲೂ ಇಂಗ್ಲೆಂಡಿನ ಹತ್ತು ಹೆಂಗಸರಲ್ಲಿ ಒಂಬತ್ತು ಮಂದಿಗೆ ಹೆಸರು ಬರೆಯಲು ಬರುತ್ತಿರಲಿಲ್ಲ ಎಂದು ಇತಿಹಾಸಕಾರ ಡೇವಿಡ್ ಕ್ರೆಸಿ ಲೆಕ್ಕ ಹಾಕಿದ್ದಾರೆ. ಶಾಲೆಯ ಬಾಗಿಲಿನ ಮೇಲೆ ನಮ್ಮ ಪಂಗಡಕ್ಕೆ ಅನುಮಾನವಿಲ್ಲ. ಅನುಮಾನವೇನಿದ್ದರೂ ಅಪ್ಪನ ಮೇಲೆ.

ಜುಡಿತ್ ಎಪ್ಪತ್ತೇಳು ವರ್ಷ ಬಾಳಿದಳು. ಅಪ್ಪ ಬರೆದನೋ ಇಲ್ಲವೋ ಎಂದು ಹೇಳಲು ಅವಳಿಗೆ ಬಾಯಿಯಂತೂ ಇತ್ತು. ಕೊನೆಗಾಲದಲ್ಲಿ ಊರಿಗೆ ಬಂದ ಪಾದ್ರಿ ಜಾನ್ ವಾರ್ಡ್ ಚೆನ್ನಾಗಿ ಓದಿದವನು, ಸಿಕ್ಕಿದ್ದನ್ನೆಲ್ಲ ಬರೆದಿಡುವವನು. ಶೇಕ್ಸ್‌ಪಿಯರನ ನಾಟಕಗಳನ್ನು ಓದಿಕೊಳ್ಳಬೇಕು ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡ. ಶ್ರೀಮತಿ ಕ್ವೈನಿಯನ್ನು ಕಾಣಬೇಕು ಎಂದೂ ಬರೆದುಕೊಂಡ. 1662ರ ಫೆಬ್ರವರಿಯಲ್ಲಿ ಅವಳನ್ನು ಮಣ್ಣು ಮಾಡಿದರು. ಅವಳು ಹೀಗೆಂದಳು ಎಂಬ ಒಂದು ಸಾಲೂ ಆ ಪುಸ್ತಕದಲ್ಲಿಲ್ಲ. ಅಕ್ಷರ ಮಾತ್ರ ತುಂಬ ಚೆನ್ನಾಗಿತ್ತಂತೆ ಎಂದು ಸೇರಿಸಲು ನನಗೂ ಆಸೆ. ಪಂಗಡದವನಲ್ಲವೇ.