ಬಚ್ಚಲ ಒಲೆಯಲ್ಲಿ ಫ್ಯಾಂಟಮ್

ನಿನ್ನೆ ಶಿರಸಿಯ ಅಕ್ಕನ ಮನೆಗೆ ಹೋಗಿದ್ದೆ. ಕಾಲು ತೊಳೆಯಲು ಬಚ್ಚಲಿಗೆ ಹೋದರೆ ಹಂಡೆ ಒಲೆಯ ಬಾಯಲ್ಲಿ ಅಡಿಕೆ ಹಾಳೆಯ ಜೊತೆ ನನ್ನ ಇಂದ್ರಜಾಲ ಕಾಮಿಕ್ಸ್! ಅರ್ಧ ಸುಟ್ಟ ಮುಖಪುಟ. ಫ್ಯಾಂಟಮ್‌ನ ಕುದುರೆ ಬೂದಿಯಾಗಿದೆ, ತಲೆಬುರುಡೆ ಉಂಗುರದ ಕೈ ಮಾತ್ರ ಉಳಿದಿದೆ. 1990ಕ್ಕೇ ನಿಂತುಹೋದ ಪುಸ್ತಕ ಸ್ವಾಮಿ. ಎಲ್ಲಿಂದ ತರಲಿ ಇನ್ನು?

ಕಾರಣ ಕೇಳಿ. ಸೋದರಳಿಯನಿಗೆ ಹನ್ನೆರಡು ವರ್ಷ. ಮುಖಕ್ಕೆ ಪೌಡರ್ ಮೆತ್ತಿ, ಅಮ್ಮನ ಲಿಪ್‌ಸ್ಟಿಕ್‌ನಲ್ಲಿ ಕಿವಿಯವರೆಗೂ ಬಾಯಿ ಬರೆದುಕೊಂಡು ಬ್ಯಾಟ್‌ಮನ್ ಕತೆಯ ಖಳ ಜೋಕರ್ ಆಗಿದ್ದನಂತೆ. ಅದೇ ಹೊತ್ತಿಗೆ ಭಾವನ ವಾಟ್ಸಾಪ್‌ಗೆ ಹಳೇ ವಿಡಿಯೋ ಬಂದಿದೆ: ಅಮೆರಿಕದಲ್ಲಿ 'ನಾನೇ ಜೋಕರ್' ಅಂದವನೊಬ್ಬ ಥಿಯೇಟರಿನಲ್ಲಿ ಗುಂಡು ಹಾರಿಸಿದ ಅಂತ. ಭಾವ ಸೀದಾ ಅಟ್ಟ ಹತ್ತಿ ನನ್ನ ಟ್ರಂಕ್ ಇಳಿಸಿದ್ದಾರೆ. ಅದರಲ್ಲಿ ಜೋಕರ್ ಇರಲೇ ಇಲ್ಲ. ಫ್ಯಾಂಟಮ್, ಮಾಂಡ್ರೇಕ್, ಒಂದಷ್ಟು ಬಾಲಮಂಗಳ. ಡಿಂಗನನ್ನೂ ಸುಟ್ಟಿದ್ದಾರೆ. ಡಿಂಗ ಒಂದು ಇಲಿ!

ಅಮೆರಿಕದ ಆರೋರಾ ಊರಿನ ಆ ಗುಂಡಿನ ಕತೆ ನನಗೆ ಬಾಯಿಪಾಠ. 2012ರ ಜುಲೈ 20, ಬ್ಯಾಟ್‌ಮನ್ ಸಿನಿಮಾದ ಮಧ್ಯರಾತ್ರಿ ಷೋ. ಹನ್ನೆರಡು ಜನ ಸತ್ತರು. ಅವನು ತನ್ನನ್ನು ಜೋಕರ್ ಅಂತ ಕರೆದುಕೊಂಡ ಎಂದು ಅವತ್ತೇ ಹೇಳಿದ್ದು ನ್ಯೂಯಾರ್ಕ್ ಪೊಲೀಸ್ ಕಮಿಷನರ್. ಕಾರವಾರದಲ್ಲಿ ಆದದ್ದಕ್ಕೆ ದಿಲ್ಲಿ ಪೊಲೀಸರು ಹೇಳಿಕೆ ಕೊಟ್ಟ ಹಾಗೆ. ಹಾಗೆ ಅಂದಿದ್ದಕ್ಕೆ ಸಾಕ್ಷಿಯೇ ಇಲ್ಲ ಎಂದು ಕೇಸು ನಡೆಸಿದ ಸರ್ಕಾರಿ ವಕೀಲರೇ ಆಮೇಲೆ ಹೇಳಿದರು. ಯಾರಿಗೆ ಬೇಕು? ವಿಡಿಯೋ ಮಾತ್ರ ಇನ್ನೂ ಓಡುತ್ತಿದೆ.

ಈ ರೋಗ ಹೊಸದೂ ಅಲ್ಲ. 1954ರಲ್ಲೇ ವರ್ಥಮ್ ಎಂಬ ಮನೋವೈದ್ಯರು ಕಾಮಿಕ್ಸ್ ಓದಿ ಮಕ್ಕಳು ಕೆಡುತ್ತಿದ್ದಾರೆ ಎಂದು ಪುಸ್ತಕ ಬರೆದರು. ಅಮೆರಿಕದ ಸೆನೆಟ್‌ವರೆಗೂ ವಿಚಾರಣೆ ಹೋಯಿತು. ಎಷ್ಟೋ ವರ್ಷದ ಮೇಲೆ ಅವರ ಕಾಗದಪತ್ರ ತೆಗೆದು ನೋಡಿದರೆ, ಮಕ್ಕಳು ಹೇಳಿದ ಮಾತನ್ನೇ ತಿದ್ದಿದ್ದು ಸಿಕ್ಕಿತು. ಭಾವನಿಗೆ ಇದನ್ನೂ ಹೇಳಿದೆ. "ನೀ ಎಲ್ಲ ಓದ್ಕಂಡಿದ್ದೆ ಮಾರಾಯ" ಅಂದು ಕವಳ ಹಾಕಿಕೊಂಡರು.

ಮಕ್ಕಳು ಅನುಕರಣೆ ಮಾಡುತ್ತಾರೆ ಅಲ್ವಾ ಅಂತ ಕೇಳುತ್ತೀರಿ. ಮಾಡುತ್ತಾರೆ. ನಾನೇ ಮಾಡಿದ್ದೇನೆ. ಐದನೇ ಕ್ಲಾಸಿನಲ್ಲಿ ಅಡಿಕೆ ಸಿಪ್ಪೆ ಕೆತ್ತಿ ಬುರುಡೆ ಉಂಗುರ ಮಾಡಿ, ಅಡಿಕೆ ಬೇಯಿಸಿದ ಚೊಗರಿನಲ್ಲಿ ಅದ್ದಿ, ಚಿಕ್ಕಪ್ಪನ ಮಗನ ದವಡೆಗೆ ಗುದ್ದಿದ್ದೆ. ಫ್ಯಾಂಟಮ್ ಗುದ್ದಿದರೆ ಕಳ್ಳರ ದವಡೆಯಲ್ಲಿ ಬುರುಡೆ ಗುರುತು ಮೂಡುತ್ತದೆ. ನನ್ನ ಗುದ್ದಿಗೆ ಮೂಡಲಿಲ್ಲ, ಬರೀ ಕಂದು ಕಲೆ. ಒಂದು ವಾರ ಹೋಗಲಿಲ್ಲ. ಆದರೆ ಗುದ್ದಿದ್ದು ಅವನು ನನ್ನ ಸೈಕಲ್ ಗದ್ದೆಗೆ ಬೀಳಿಸಿದ್ದಕ್ಕೆ. ಕಾಮಿಕ್ಸ್ ಇಲ್ಲದಿದ್ದರೂ ಗುದ್ದುತ್ತಿದ್ದೆ, ಉಂಗುರ ಇರುತ್ತಿರಲಿಲ್ಲ ಅಷ್ಟೇ. ಇದೇ ಭಾವ ಯಕ್ಷಗಾನದಲ್ಲಿ ಚಿಟ್ಟಾಣಿಯವರ ಕೀಚಕ ನೋಡಲು ಎಷ್ಟು ರಾತ್ರಿ ನಿದ್ದೆಗೆಟ್ಟಿಲ್ಲ? ಅಕ್ಕನ ಸೀರೆ ಹೆಗಲಿಗೆ ಹಾಕಿಕೊಂಡು ಜಗಲಿಯಲ್ಲಿ ಕುಣಿದದ್ದನ್ನು ನಾನೇ ಕಂಡಿದ್ದೇನೆ. ಯಾರೂ ಪೊಲೀಸರನ್ನು ಕರೆಯಲಿಲ್ಲ.

ಇಷ್ಟೆಲ್ಲ ಕೂಗಾಡಿ, ರಾತ್ರಿ ಕಾರವಾರದ ಬಸ್ಸಿನಲ್ಲಿ ಕೂತಾಗ ಒಂದು ನೆನಪಾಯಿತು. ಹೇಳಲು ನಾಚಿಕೆ. 2012ರಲ್ಲಿ ಆ ಸುದ್ದಿ ಬಂದಾಗ ನಾನು ಮೊದಲು ಬರೆದದ್ದು ಏನು ಗೊತ್ತಾ? "ಜೋಕರ್ ಕೂದಲು ಹಸಿರು, ಇವನದು ಕೆಂಪು. ಇವನು ಕಾಮಿಕ್ಸ್ ಓದೇ ಇಲ್ಲ." ಗೆಳೆಯರು ಲೈಕ್ ಒತ್ತಿದರು. ಸತ್ತವರಲ್ಲಿ ಆರು ವರ್ಷದ ಮಗುವಿತ್ತು. ನಾನು ಕೂದಲಿನ ಬಣ್ಣ ಸರಿಮಾಡುತ್ತಿದ್ದೆ.

ಇನ್ನೊಂದೂ ಆಗ ಹೊಳೆಯಲಿಲ್ಲ. ಮಧ್ಯರಾತ್ರಿ ಷೋಗೆ ನಿದ್ದೆಗೆಟ್ಟು ಬಂದು ಕೂತವರು ಯಾರು? ನಮ್ಮಂಥವರೇ ಅಲ್ವಾ, ಆಟಕ್ಕೆ ಚಾಪೆ ಹಿಡಿದು ಹೋಗುವವರ ಹಾಗೆ. ಬ್ಯಾಟ್‌ಮನ್ ಹುಚ್ಚಿನವರು ಯಾರು ಅಂತ ಕೇಳಿದರೆ ಆ ಕುರ್ಚಿಗಳಲ್ಲಿದ್ದವರನ್ನು ತೋರಿಸಬೇಕಿತ್ತು. ಬಂದೂಕು ಹಿಡಿದು ಬಂದವನನ್ನೇ ಎಲ್ಲರೂ ನಮ್ಮ ಲೆಕ್ಕಕ್ಕೆ ಬರೆದರು. ನಾವೂ 'ಅವನು ನಮ್ಮವನಲ್ಲ' ಅಂತ ವಾದ ಮಾಡುತ್ತಾ ಕೂತೆವು. ನಮ್ಮವರು ಸತ್ತಿದ್ದಾರೆ ಅಂತ ಒಬ್ಬರೂ ಬರೆಯಲಿಲ್ಲ. ನಾನಂತೂ ಬರೆಯಲಿಲ್ಲ.

ಹನ್ನೊಂದು ಪುಸ್ತಕ ಉಳಿದವು. ಎರಡಕ್ಕೆ ಮುಖಪುಟ ಇಲ್ಲ. ಹೊರಡುವಾಗ ಭಾವ ತಣ್ಣಗೆ, "ನಾಳೆ ರಾತ್ರಿ ಆಟ ಇದ್ದು, ಉಳ್ಕ" ಅಂದರು. ಯಾವ ಪ್ರಸಂಗ ಎಂದೆ.

ಕೀಚಕ ವಧೆಯಂತೆ. ಹುಡುಗನನ್ನೂ ಕರೆದುಕೊಂಡು ಹೋಗುತ್ತಾರಂತೆ.