ಖರ್ಗೆ ಗೆದ್ದದ್ದು ಗುರುಮಠಕಲ್‌ನಿಂದ ಮಾತ್ರವಲ್ಲ: ಒಂದು ಸ್ಪಷ್ಟನೆ

‘ವಕೀಲ ಮಲ್ಲಿಕಾರ್ಜುನ ಖರ್ಗೆ ಗುರುಮಠಕಲ್‌ನಿಂದಲೇ ಸತತ ಒಂಬತ್ತು ಬಾರಿ ಶಾಸಕರಾದರು, ಜೀವನದಲ್ಲಿ ಸೋತೇ ಇಲ್ಲ’ ಎಂಬ ಮಾತು ಮೊಬೈಲ್‌ಗಳಲ್ಲಿ ಹರಿದಾಡುತ್ತಿದೆ. ಅಭಿಮಾನ ಸರಿ, ಲೆಕ್ಕ ಸರಿಯಿಲ್ಲ.

ಕಲಬುರಗಿಯಲ್ಲಿ ಕಾನೂನು ಓದಿ, ಕಾರ್ಮಿಕರ ಪರ ವಕಾಲತ್ತು ನಡೆಸಿದ ಖರ್ಗೆ 1972ರಲ್ಲಿ ಗುರುಮಠಕಲ್‌ನಿಂದ ಮೊದಲ ಬಾರಿ ವಿಧಾನಸಭೆಗೆ ಬಂದರು. 1978, 1983, 1985, 1989, 1994, 1999, 2004ರಲ್ಲೂ ಅಲ್ಲಿಂದಲೇ ಗೆದ್ದರು. ಅಂದರೆ ಎಂಟು ಬಾರಿ. 1983 ಮತ್ತು 1994ರಲ್ಲಿ ಜನತಾ ಪರಿವಾರದ ಅಲೆಗೆ ಕಾಂಗ್ರೆಸ್ ಅಧಿಕಾರ ಕಳೆದುಕೊಂಡಾಗಲೂ ಅವರ ಸ್ಥಾನ ಅಲುಗಲಿಲ್ಲ. ನನ್ನ ಮಟ್ಟಿಗೆ ಅದೇ ನಿಜವಾದ ಸಾಧನೆ.

ಒಂಬತ್ತನೆಯ ಗೆಲುವು 2008ರಲ್ಲಿ ಚಿತ್ತಾಪುರದಿಂದ. ಮತದಾರರಿಗೆ ಹೆದರಿ ಕ್ಷೇತ್ರ ಬಿಟ್ಟರೆಂದು ಕೆಲವರು ಇದನ್ನೇ ತಿರುಚುತ್ತಾರೆ. ಅದೂ ತಪ್ಪು. ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಗುರುಮಠಕಲ್ ಸಾಮಾನ್ಯ ಕ್ಷೇತ್ರವಾಯಿತು, ಚಿತ್ತಾಪುರ ಪರಿಶಿಷ್ಟ ಜಾತಿಗೆ ಮೀಸಲಾಯಿತು.

ಸೋಲೂ ಉಂಟು. 2009 ಮತ್ತು 2014ರಲ್ಲಿ ಲೋಕಸಭೆಗೆ ಆಯ್ಕೆಯಾಗಿದ್ದ ಅವರನ್ನು 2019ರಲ್ಲಿ ಕಲಬುರಗಿಯಲ್ಲೇ ಬಿಜೆಪಿಯ ಉಮೇಶ್ ಜಾಧವ್ 95 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಮರುವರ್ಷ ಖರ್ಗೆ ರಾಜ್ಯಸಭೆಗೆ ಹೋದರು. ದಯವಿಟ್ಟು ಹಳೆಯ ಸಂದೇಶವನ್ನು ತಿದ್ದಿ ಹಂಚಿ.