ಡೊಮೇನ್ ರಿನ್ಯೂವಲ್ ಮಹಾತ್ಮೆ

ಡೊಮೇನ್ ಅಂದ್ರೆ ವೆಬ್‌ಸೈಟಿನ ಹೆಸರು. ಜಗತ್ತಿನ ಮೊದಲನೇ ಡಾಟ್ ಕಾಮ್ ರಿಜಿಸ್ಟರ್ ಆಗಿದ್ದು 1985ರ ಮಾರ್ಚ್ 15ಕ್ಕೆ, ಸಿಂಬಾಲಿಕ್ಸ್ ಡಾಟ್ ಕಾಮ್ ಅಂತ. ಅಲ್ಲಿಂದ 1995ರ ತನಕ ಹೆಸರು ಪುಕ್ಕಟೆ. ಆಮೇಲೆ ಯಾರಿಗೋ ಜ್ಞಾನೋದಯ ಆಗಿ ಎರಡು ವರ್ಷಕ್ಕೆ 100 ಡಾಲರ್ ಅಂತ ಬೋರ್ಡ್ ಹಾಕಿದ್ರು. ನಮ್ಮ ಹೆಸರಿಗೆ ನಾವೇ ಕಪ್ಪ ಕಟ್ಟೋ ಪದ್ಧತಿ ಶುರುವಾಗಿದ್ದು ಹಾಗೆ.

ಈಗ ಫೋನ್ ತೆಗೆದ್ರೆ ಸಾಕು, "ಬರೀ 99 ರೂಪಾಯಿಗೆ ನಿಮ್ಮ ಸ್ವಂತ ಡೊಮೇನ್" ಅಂತ ಜಾಹೀರಾತು. ಸ್ವಂತ ಅಂತೆ! ಈ ಹೆಸರುಗಳ ಉಸ್ತುವಾರಿ ನೋಡೋ ಐಕ್ಯಾನ್ ಅನ್ನೋ ಸಂಸ್ಥೆಯ ರೂಲ್ ಪ್ರಕಾರ ಡಾಟ್ ಕಾಮ್ ಅನ್ನ ಒಂದೇ ಏಟಿಗೆ ಹತ್ತು ವರ್ಷಕ್ಕಿಂತ ಜಾಸ್ತಿ ಯಾರಿಗೂ ಕೊಡಲ್ಲ, ಗೂಗಲ್ ಬಂದು ನಿಂತ್ರೂ ಅಷ್ಟೇ. ಇನ್ನು ಡಾಟ್ ಕಾಮ್ ಪೂರ್ತಿ ಇರೋದು ಅಮೆರಿಕದ ವೆರಿಸೈನ್ ಅನ್ನೋ ಒಂದೇ ಕಂಪನಿ ಕೈಯಲ್ಲಿ, 2024ರ ಸೆಪ್ಟೆಂಬರ್‌ನಲ್ಲಿ ಡೊಮೇನ್ ಮಾರೋ ಕಂಪನಿಗಳಿಗೆ ಅವರು ಹಾಕೋ ಸಗಟು ರೇಟೇ ವರ್ಷಕ್ಕೆ 10.26 ಡಾಲರ್ ಆಗಿತ್ತು, ಅಂದ್ರೆ ಹೆಚ್ಚುಕಮ್ಮಿ ಒಂಬೈನೂರು ರೂಪಾಯಿ. ಹಾಗಾದ್ರೆ 99ಕ್ಕೆ ಕೊಡೋನು ಧರ್ಮಛತ್ರ ಇಟ್ಟಿದಾನಾ? ಇಲ್ಲ ಸ್ವಾಮಿ, ಮೊದಲ ವರ್ಷ ನೀವು ಮೊದಲನೇ ದೀಪಾವಳಿಗೆ ಬಂದ ಅಳಿಯ, ಎಣ್ಣೆಸ್ನಾನ ಏನು, ಹೋಳಿಗೆ ಏನು, ಎರಡನೇ ವರ್ಷ ಬಂದಾಗ ಗೊತ್ತಾಗತ್ತೆ ಮಾವನ ಅಸಲಿ ಮುಖ.

ಶಿರಸಿ ಹತ್ರ ನಮ್ಮಕ್ಕ ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡಿ ಮಾರ್ತಾಳೆ. ಬಾಟ್ಲಿ ಲೇಬಲ್ ಮೇಲೆ, ಬಿಲ್ ಬುಕ್ ಮೇಲೆ, ಎಲ್ಲಾ ಕಡೆ ವೆಬ್‌ಸೈಟ್ ಹೆಸರು ಪ್ರಿಂಟ್ ಆಗಿದೆ. ಮೊನ್ನೆ ಯಾರೋ ಗಿರಾಕಿ ಸೈಟೇ ಓಪನ್ ಆಗ್ತಿಲ್ಲ ಅಂದಾಗ್ಲೇ ಗೊತ್ತಾಗಿದ್ದು ಡೇಟ್ ಮುಗಿದಿದೆ ಅಂತ. ಹಾಗಂತ ಡೊಮೇನ್ ಮಾರಿದ ಕಂಪನಿ ಹೇಳದೇ ಕೇಳದೇ ಕಟ್ ಮಾಡ್ತು ಅನ್ನೋ ಹಾಗೂ ಇಲ್ಲ. ಒಂದು ತಿಂಗಳು ಮುಂಚೆ ಒಂದು, ಒಂದು ವಾರ ಮುಂಚೆ ಒಂದು, ಮುಗಿದ ಐದು ದಿನದೊಳಗೆ ಇನ್ನೊಂದು ಮೇಲ್ ಕಳಿಸ್ಲೇಬೇಕು ಅಂತ ನಿಯಮಾನೇ ಇದೆ. ಕಳಿಸಿದಾರೆ ಪಾಪ. ಕಳಿಸಿದ್ದು ವೆಬ್‌ಸೈಟ್ ಮಾಡ್ಕೊಟ್ಟ ಹುಡುಗನ ಜೀಮೇಲ್‌ಗೆ! ಯಾಕಂದ್ರೆ ಕರ್ನಾಟಕದಲ್ಲಿ ಯಾವ ಸಣ್ಣ ಬಿಸಿನೆಸ್‌ನ ಡೊಮೇನ್ ತೆಗೆದು ನೋಡಿದ್ರೂ ಅದು "ನಮ್ಮ ಪರಿಚಯದ ಹುಡುಗ"ನ ಹೆಸರಲ್ಲೇ ಇರೋದು. ಆ ಹುಡುಗ ಈಗ ಕೆನಡಾದಲ್ಲಿದಾನೆ. ಪಾಸ್‌ವರ್ಡ್ ಕೇಳಿ ಮೆಸೇಜ್ ಹಾಕಿದ್ರೆ ಎರಡು ದಿನ ಆದ್ಮೇಲೆ ಒಂದು ಥಂಬ್ಸ್ ಅಪ್ ಬಂತು. ಪಾಸ್‌ವರ್ಡ್ ಬರಲಿಲ್ಲ. ಅವರಮ್ಮನ ಕೈಲಿ ಫೋನ್ ಮಾಡಿಸಿದ ಮೇಲೆ ಅದೂ ಬಂತು ಅನ್ನಿ.

"ಆಟೋ ರಿನ್ಯೂವಲ್ ಆನ್ ಇತ್ತಲ್ಲೋ ತಮಾ, ಹಸಿರು ಬಟನ್ ನಾನೇ ನೋಡಿದ್ದೆ" ಅಂದ್ಲು ಅಕ್ಕ. ಇತ್ತು, ಈಗಲೂ ಹಸಿರಾಗೇ ಇದೆ. ಆದ್ರೆ 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ರೂಲ್ ಬೇರೆ, ಇ-ಮ್ಯಾಂಡೇಟ್, ಅಂದ್ರೆ ಬ್ಯಾಂಕಿಗೆ ಮೊದಲೇ ಕೊಡೋ ಒಪ್ಪಿಗೆ, ಮಾಡಿಸದೇ ಕಾರ್ಡಿಂದ ತಾನೇ ತಾನಾಗಿ ದುಡ್ಡು ಎಳ್ಕೊಳ್ಳೋ ಹಾಗಿಲ್ಲ, ಹೊರದೇಶದ ಎಷ್ಟೋ ಕಂಪನಿಗಳು ಆ ಗೋಜಿಗೇ ಹೋಗಿಲ್ಲ. ನಮ್ಮ ದುಡ್ಡು ಕಾಯೋಕೆ ಮಾಡಿದ ರೂಲು, ಒಳ್ಳೇದೇ. ಆದ್ರೆ ದುಡ್ಡು ಎಳೆಯೋಕೆ ಆಗದ ಬಟನ್‌ಗೆ ಆ ಹಸಿರು ಬಣ್ಣ ಯಾಕೆ ಅಂತ ಕೇಳಿದ್ರೆ ಚಾಟ್‌ನಲ್ಲಿ ಕೂತಿರೋ ರೋಬೋಟು "ನಿಮಗೆ ಸಹಾಯ ಮಾಡೋಕೆ ಖುಷಿಯಾಗತ್ತೆ" ಅನ್ನತ್ತೆ, ಖುಷಿಪಟ್ಕೊಂಡು ಸುಮ್ನಾಗತ್ತೆ.

ಸರಿ, ಕೈಯಾರೆ ಕಟ್ಟೋಣ ಅಂತ ಕಾರ್ಟ್‌ಗೆ ಹೋದ್ವಿ. ಒಂದು ಡೊಮೇನ್ ಒತ್ತಿದ್ರೆ ಒಳಗೆ ಐದು ಐಟಂ ಕೂತಿವೆ. ಪ್ರೈವಸಿ ಪ್ರೊಟೆಕ್ಷನ್, ಪ್ರೀಮಿಯಂ ಡಿಎನ್ಎಸ್, ಬಿಸಿನೆಸ್ ಇಮೇಲ್, ಜೊತೆಗೆ ಸೆಕ್ಯುರಿಟಿ ಶೀಲ್ಡ್ ಅನ್ನೋ ಏನೋ ಒಂದು. ವರ್ಷದ ಜಾಗದಲ್ಲಿ ತಾನೇ 3 ಅಂತ ತುಂಬ್ಕೊಂಡಿದೆ. ಒಂದೊಂದೇ ಟಿಕ್ ತೆಗೀತಾ ಬಂದ್ರೆ ಒಂದೊಂದಕ್ಕೂ ಪಾಪ್‌ಅಪ್, "ರಿಸ್ಕ್ ತಗೊಳ್ಳೋಕೆ ರೆಡಿ ಇದೀರಾ?" ಅಂತ. ಉಪ್ಪಿನಕಾಯಿ ಅಂಗಡಿಗೆ ಯಾವ ಶತ್ರುಗಳು ಮಾರಾಯ್ರೆ? ಕೆಳಗೆ "ಬೇಡ, ನನ್ನ ಬಿಸಿನೆಸ್ ಅಪಾಯದಲ್ಲೇ ಇರಲಿ" ಅನ್ನೋ ಅರ್ಥದ ಸಣ್ಣ ಬೂದು ಅಕ್ಷರ, ಅದನ್ನ ಒತ್ತಿದ್ರೇನೇ ಮುಂದಿನ ಪೇಜು. ಕೊನೆಗೆ ಎಲ್ಲಾ ಕಿತ್ತು ಹಾಕಿದ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಅದು ಮಾತ್ರ ಟಿಕ್ ತೆಗೆಯೋಕೆ ಬರಲ್ಲ.

ಡೇಟ್ ಮುಗಿದ ಮೇಲೂ ದಂಡ ಇಲ್ಲದೇ ಕಟ್ಟೋಕೆ ಬಿಡೋ ಗ್ರೇಸ್ ಅವಧಿಯಲ್ಲಿ ನಾವಿನ್ನೂ ಇದ್ವಿ, ಬಚಾವ್. ಅದು ಹೆಚ್ಚಂದ್ರೆ 45 ದಿನ, ಅದರಲ್ಲಿ ನಿಮಗೆಷ್ಟು ಕೊಡ್ಬೇಕು ಅನ್ನೋದು ಕಂಪನಿ ಇಷ್ಟ. ಅದು ದಾಟಿದ್ರೆ 30 ದಿನ ರಿಡೆಂಪ್ಷನ್ ಅಂತ, ಅಲ್ಲಿ ನಿಮ್ಮದೇ ಹೆಸರು ಬಿಡಿಸ್ಕೊಳ್ಳೋಕೆ ಮಾಮೂಲಿ ಫೀಸಿನ ಹಲವು ಪಟ್ಟು ದಂಡ. ಆಮೇಲೆ ಐದು ದಿನ ಯಾರೂ ಮುಟ್ಟೋ ಹಾಗಿಲ್ಲ, ಆರನೇ ದಿನ ಯಾರು ಬೇಕಾದ್ರೂ ಎತ್ಕೊಂಡು ಹೋಗ್ಬಹುದು. ಅದಕ್ಕೇ ಅಂತ ಕಾಯ್ಕೊಂಡು ಕೂತಿರೋ ಸಾಫ್ಟ್‌ವೇರ್‌ಗಳೇ ಇವೆ. ನಮ್ಮಕ್ಕನ ಹಪ್ಪಳದ ಹೆಸರಲ್ಲಿ ನಾಳೆ ಯಾವ್ದೋ ಆನ್‌ಲೈನ್ ಜೂಜು ಓಡತ್ತೆ, ಲೇಬಲ್ ಮಾತ್ರ ಬಾಟ್ಲಿ ಮೇಲೆ ಹಾಗೇ.

ಸಮಾಧಾನ ಏನಂದ್ರೆ ದೊಡ್ಡೋರೂ ಹೀಗೇ. 1999ರ ಡಿಸೆಂಬರಲ್ಲಿ ಮೈಕ್ರೋಸಾಫ್ಟ್‌ನೋರು ಪಾಸ್‌ಪೋರ್ಟ್ ಡಾಟ್ ಕಾಮ್ (ಹಾಟ್‌ಮೇಲ್‌ಗೆ ಲಾಗಿನ್ ಆಗ್ತಿದ್ದಿದ್ದು ಅದರ ಮೂಲಕ) ರಿನ್ಯೂ ಮಾಡೋದು ಮರೆತು, ಕ್ರಿಸ್‌ಮಸ್ ಹೊತ್ತಿಗೆ ಹಾಟ್‌ಮೇಲ್ ಕೈಕೊಟ್ಟಿತ್ತು. ಆ 35 ಡಾಲರ್ ಯಾರೋ ಲಿನಕ್ಸ್ ಪ್ರೋಗ್ರಾಮರ್ ತನ್ನ ಕಾರ್ಡಿಂದ ಕಟ್ಟಿದ! ಬಿಲ್ ಗೇಟ್ಸ್‌ಗೆ ಸಾಲ ಕೊಟ್ಟ ಪುಣ್ಯಾತ್ಮ.

ರಿನ್ಯೂ ಆದ ಮಾರನೇ ದಿನದಿಂದ ಅಕ್ಕನಿಗೆ ಹೊಸ ಗಿರಾಕಿಗಳ ಕಾಟ. "ನಿಮ್ಮ ಡೊಮೇನ್ ಎಕ್ಸ್‌ಪೈರ್ ಆಗ್ತಿದೆ, ಇವತ್ತೇ ಕಟ್ಟಿ" ಅಂತ ಸರ್ಕಾರಿ ನೋಟಿಸ್ ಥರ ಕಾಣೋ ಮೇಲು, ಕೆಳಗೆ ಇರುವೆ ಸೈಜಿನ ಅಕ್ಷರದಲ್ಲಿ "ಇದು ಬಿಲ್ ಅಲ್ಲ". ಗೂಗಲ್‌ನಲ್ಲಿ ನಂಬರ್ ಒನ್ ಮಾಡ್ತೀವಿ ಅನ್ನೋರು ಬೇರೆ ಸಾಲುಗಟ್ಟಿ ನಿಂತಿದಾರೆ.

"ಆ ಸೈಟಿಂದ ಆರ್ಡರ್ ಎಷ್ಟು ಬರತ್ತೆ ಅಕ್ಕಾ?" ಅಂದೆ.

"ಆರ್ಡರಾ? ಎಲ್ಲಾ ವಾಟ್ಸಾಪಲ್ಲೇ ಬರೋದು ಮಾರಾಯಾ. ಪೇಮೆಂಟ್ ಗೇಟ್‌ವೇಯವ್ರು ವೆಬ್‌ಸೈಟ್ ಇಲ್ದಿದ್ರೆ ಅಕೌಂಟ್ ಕೊಡಲ್ಲ ಅಂದ್ರು, ಅದಕ್ಕೇ ಮಾಡಿಸಿದ್ದು. ಮೂರು ವರ್ಷಕ್ಕೇ ಕಟ್ಬಿಡೋದಿತ್ತೇನೋ, ಅಲ್ವಾ?"